ಹೋಗಬಲ್ಲೆ, ಮರಳುವುದು ಅನುಮಾನ

ಉಳಿದ ತಿಂಗಳುಗಳಲ್ಲಿ ಹೆದ್ದಾರಿ ಕಾಮಗಾರಿ, ಮೀನಿನ ದರ, ಅಡಿಕೆಯ ಕೊಳೆರೋಗ ಎಂದು ಬರೆಯುವ ಓದುಗರು ಪರೀಕ್ಷೆಯ ಕಾಲ ಬಂತೆಂದರೆ ಒಂದೇ ಮಾತು ಕೇಳುತ್ತಾರೆ. ‘ಮಗಳು ಓದಿನಲ್ಲಿ ಹಿಂದಿಲ್ಲ. ಆದರೆ ಬಾಯಿ ತೆಗೆದರೆ ನನ್ನಿಂದ ಆಗೋದಿಲ್ಲ ಅನ್ನುತ್ತಾಳೆ. ಧೈರ್ಯ ತುಂಬುವುದು ಹೇಗೆ?’ ಕುಮಟಾದ ತಾಯಂದಿರು ಕೇಳುತ್ತಾರೆ, ಹೊನ್ನಾವರದ ಹೈಸ್ಕೂಲು ಮೇಷ್ಟ್ರು ಕೇಳುತ್ತಾರೆ. ಭಟ್ಕಳದ ಹುಡುಗನೊಬ್ಬ ಮಾತ್ರ ತಂದೆ ತಾಯಿಯನ್ನು ನಡುವೆ ತರದೆ ತನ್ನ ವಿಷಯ ತಾನೇ ಬರೆದಿದ್ದ. ಮನೆಯಲ್ಲಿ ನವಾಯತಿ, ಮದರಸಾದಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ನಾಲ್ಕೂ ಅರ್ಧಂಬರ್ಧ, ದುಬೈ ಕೆಲಸದ ಸಂದರ್ಶನದಲ್ಲಿ ಯಾವ ಭಾಷೆಯಲ್ಲಿ ತೊದಲಲಿ ಎಂದು ಕೇಳಿದ್ದ. ಇಷ್ಟು ಚೂಪಾಗಿ ಬರೆಯಬಲ್ಲವನಿಗೆ ಭಾಷೆ ಬಾರದೆಂದರೆ ನಾನಂತೂ ನಂಬುವುದಿಲ್ಲ. ಕಷ್ಟವೇನೆಂದರೆ, ಅವನು ನಂಬಿದ್ದಾನೆ.

ಇಂಥ ಪತ್ರಗಳಿಗೆ ‘ನಿನ್ನ ಮೇಲೆ ನಿನಗೆ ವಿಶ್ವಾಸವಿರಲಿ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಹಸಿವಾದವನಿಗೆ ಊಟ ಮಾಡಿದವನಂತೆ ಇರು ಎಂದ ಹಾಗೆ ಅದು. ಈ ಸಲ ಬೇರೆ ದಾರಿ ಹಿಡಿಯುತ್ತೇನೆ. ಒಂದು ಕಾರ್ಟೂನ್ ಸಿನಿಮಾದಿಂದ ಶುರುಮಾಡುತ್ತೇನೆ. ಹಿರಿಯರು ಮುಖ ಸಿಂಡರಿಸಬಾರದು.

ಸಿನಿಮಾದ ಹೆಸರು ‘ಇನ್‌ಸೈಡ್ ಔಟ್ 2’. ಅಮೆರಿಕದ ಪಿಕ್ಸಾರ್ ಸ್ಟುಡಿಯೋದ್ದು, 2024ರ ಜೂನ್‌ನಲ್ಲಿ ತೆರೆಕಂಡಿತು. ಮೊದಲ ಭಾಗ 2015ರಲ್ಲಿ ಬಂದಿತ್ತು. ಅಕ್ಕನ ಮಗಳು ರಜೆಗೆಂದು ಬಂದಿದ್ದಾಗ ಟಿವಿಯಲ್ಲಿ ಹಚ್ಚಿದಳು, ನಾನು ಪೇಪರು ಹಿಡಿದು ಪಕ್ಕದಲ್ಲಿ ಕೂತವನು ಪೇಪರು ಮಡಚಿಟ್ಟೆ. ರೈಲಿ ಎಂಬ ಹುಡುಗಿಗೆ ಆಗತಾನೇ ಹದಿಮೂರು ತುಂಬಿದೆ. ಕಥೆ ನಡೆಯುವುದು ಹೆಚ್ಚಾಗಿ ಅವಳ ತಲೆಯೊಳಗೆ. ಅಲ್ಲೊಂದು ಕಂಟ್ರೋಲ್ ರೂಮು. ಅದನ್ನು ನಡೆಸುವವರು ಖುಷಿ, ದುಃಖ, ಸಿಟ್ಟು, ಹೆದರಿಕೆ, ಹೇಸಿಗೆ ಎಂಬ ಐವರು. ಅವರಲ್ಲಿ ಖುಷಿಯೇ ಯಜಮಾನಿ. ಒಂದು ರಾತ್ರಿ ಅಪಾಯದ ಗಂಟೆ ಹೊಡೆದುಕೊಳ್ಳುತ್ತದೆ, ಹುಡುಗಿ ಪ್ರಾಯಕ್ಕೆ ಬಂದಿದ್ದಾಳೆ. ಬೆಳಗಾಗುವುದರೊಳಗೆ ಹೊಸಬರು ಪೆಟ್ಟಿಗೆ ಗಂಟು ಸಮೇತ ಬಂದಿಳಿಯುತ್ತಾರೆ. ಅವರ ಮುಂದಾಳು ಆತಂಕ. ಕಿತ್ತಳೆ ಬಣ್ಣ, ಕೆದರಿದ ಕೂದಲು, ನಿಂತಲ್ಲಿ ನಿಲ್ಲಲಾಗದ ಕಾಲು.

ಆತಂಕ ಕೆಟ್ಟವಳಲ್ಲ. ಅವಳಿಗೆ ರೈಲಿಯ ಮೇಲೆ ಪ್ರೀತಿಯೇ. ತಂಡದ ಆಯ್ಕೆಗಾಗಿ ರೈಲಿ ಹೋಗುವ ಹಾಕಿ ಶಿಬಿರದಲ್ಲಿ ಏನೇನು ತಪ್ಪಬಹುದು ಎಂದು ಮುಂಚಿತವಾಗಿ ಲೆಕ್ಕ ಹಾಕುವುದು ಅವಳ ಕೆಲಸ. ರಾತ್ರಿಯಿಡೀ ಕಲ್ಪನೆಯ ಕಾರ್ಖಾನೆಯಲ್ಲಿ ಚಿತ್ರಕಾರರನ್ನು ಸಾಲಾಗಿ ಕೂರಿಸಿ, ನಾಳೆ ಆಗಬಹುದಾದ ಅನಾಹುತಗಳ ಚಿತ್ರ ಬರೆಸುತ್ತಾಳೆ. ಗೋಲು ತಪ್ಪಿದರೆ? ಎಲ್ಲರೂ ನಕ್ಕರೆ? ಹೈಸ್ಕೂಲಿನಲ್ಲಿ ಒಬ್ಬಳೇ ಕೂತು ಊಟ ಮಾಡಬೇಕಾಗಿ ಬಂದರೆ? ಒಂದೊಂದು ಚಿತ್ರವೂ ಪರದೆಯ ಮೇಲೆ ಬಂದಂತೆ ಹಾಸಿಗೆಯಲ್ಲಿದ್ದ ಹುಡುಗಿ ಮಗ್ಗುಲು ಬದಲಿಸುತ್ತಾಳೆ. ಇದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಯಶವಂತ ಚಿತ್ತಾಲರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬದುಕು ಕಟ್ಟಿ, ಹನೇಹಳ್ಳಿಯನ್ನು ಬಿಡದೆ ಬರೆದ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಕಾದಂಬರಿ ಪ್ರಕಟಿಸಿದರು. ಅದರ ನಾಗಪ್ಪನನ್ನು ಕಂಪನಿ ಕೆಲಸದಿಂದ ಅಮಾನತಿನಲ್ಲಿಡುತ್ತದೆ. ತಪ್ಪೇನೆಂಬುದು ಅವನಿಗೆ ಗೊತ್ತಿಲ್ಲ. ಆಮೇಲೆ ಪುಟಪುಟಗಳ ತುಂಬ ಅವನು ಮಾಡುವುದು ಇದೇ ಕೆಲಸ: ಯಾರು ಹೂಡಿದ ಸಂಚು, ಯಾವ ಮಾತಿನ ಹಿಂದೆ ಯಾವ ಮಾತು, ನಾಳೆ ಏನು ಕೇಳಬಹುದು. ನಾಗಪ್ಪನ ತಲೆಯೊಳಗೆ ಆ ಕಿತ್ತಳೆ ಬಣ್ಣದವಳು ಎಷ್ಟೋ ಮೊದಲೇ ಬಂದು ಕೂತಿದ್ದಳು. ಹೊರಗೆ ಶತ್ರುಗಳು ನಿಜವಾಗಿ ಇದ್ದಾರೆ ಎಂಬುದು ಬೇರೆ ಮಾತು. ಆತಂಕದ ವಾದ ಗೆಲ್ಲುವುದೇ ಅಲ್ಲಿ, ಅವಳು ಹೇಳುವುದರಲ್ಲಿ ಒಂದಿಷ್ಟು ನಿಜ ಇದ್ದೇ ಇರುತ್ತದೆ.

ಸಿನಿಮಾದಲ್ಲಿ ನೆನಪುಗಳೆಂದರೆ ಹೊಳೆಯುವ ಗೋಲಿಗಳು. ಮುಖ್ಯವಾದ ನೆನಪನ್ನು ಕಂಟ್ರೋಲ್ ರೂಮಿನ ಅಡಿಯ ಕೊಳದಲ್ಲಿ ಬಿಟ್ಟರೆ ಅದರಿಂದ ಬೆಳಕಿನ ಎಳೆಯೊಂದು ಮೇಲಕ್ಕೆ ಬೆಳೆಯುತ್ತದೆ. ಆ ಎಳೆಯೇ ನಂಬಿಕೆ. ಎಳೆಗಳೆಲ್ಲ ಸೇರಿ ‘ನಾನು ಇಂಥವಳು’ ಎಂಬ ರೂಪ. ರೈಲಿಗೆ ಇದ್ದ ರೂಪ ‘ನಾನು ಒಳ್ಳೆಯವಳು’. ಅದನ್ನು ಕಟ್ಟಿದವಳು ಖುಷಿ. ಕಟ್ಟಿದ್ದು ಹೇಗೆಂದರೆ, ಒಳ್ಳೆಯ ನೆನಪುಗಳನ್ನಷ್ಟೇ ಕೊಳಕ್ಕಿಳಿಸಿ, ಅವಮಾನದ್ದು, ಸೋತದ್ದು, ಸುಳ್ಳು ಹೇಳಿದ್ದು ಎಲ್ಲವನ್ನೂ ಒಂದು ಕೊಳವೆಗೆ ಹಾಕಿ ಮನಸ್ಸಿನ ಹಿತ್ತಲಿಗೆ ಎಸೆದು. ಆತಂಕ ಬಂದವಳೇ ಆ ರೂಪವನ್ನು ಕಿತ್ತೆಸೆದು ತನ್ನದೊಂದನ್ನು ಬೆಳೆಸುತ್ತಾಳೆ. ಅದರ ದನಿ ‘ನಾನು ಸಾಲದವಳು’ ಎನ್ನುತ್ತದೆ.

ಇಲ್ಲಿಗೆ ಬಂದಾಗ ಅಕ್ಕನ ಮಗಳು ರಿಮೋಟು ಒತ್ತಿ ಸಿನಿಮಾ ನಿಲ್ಲಿಸಿದಳು. ‘ಮಾವ, ತಪ್ಪು ಈ ಆತಂಕದ್ದಲ್ಲ. ಆ ಖುಷಿಯದ್ದು. ಕೆಟ್ಟದ್ದನ್ನೆಲ್ಲ ಎಸೆದು ಎಸೆದು ಆ ಹುಡುಗಿಗೆ ಸೋತು ಗೊತ್ತೇ ಇಲ್ಲದ ಹಾಗೆ ಮಾಡಿಟ್ಟಿದ್ದಾಳೆ. ಸೋತರೆ ಏನಾಗ್ತದೆ ಅಂತ ಗೊತ್ತಿಲ್ಲದವರಿಗೇ ಹೆದರಿಕೆ ಜಾಸ್ತಿ.’ ಇಷ್ಟು ಹೇಳಿ ಮುರುಗಲು ಪಾನಕ ಮಾಡಿಕೊಳ್ಳಲು ಒಳಗೆ ಹೋದಳು. ನಾನು ನಿಂತ ಚಿತ್ರವನ್ನೇ ನೋಡುತ್ತ ಕೂತೆ. ಪಿಯುಸಿ ಓದುವ ಹುಡುಗಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ನಮ್ಮ ಮನೆಗಳಲ್ಲಿ ಈ ಕೊಳವೆ ಹಗಲಿರುಳು ಕೆಲಸ ಮಾಡುತ್ತದೆ. ಗಣಿತದಲ್ಲಿ ಫೇಲಾದದ್ದು ಮದುವೆ ಮನೆಯಲ್ಲಿ ಬಾಯಿಬಿಡುವ ಹಾಗಿಲ್ಲ. ಭಾಷಣ ಸ್ಪರ್ಧೆಯಲ್ಲಿ ಮಾತು ಮರೆತು ಕೆಳಗಿಳಿದದ್ದನ್ನು ಯಾರೂ ಎತ್ತುವ ಹಾಗಿಲ್ಲ. ಬದಲಿಗೆ ‘ನಮ್ಮ ಮಾಣಿ ಬಹಳ ಹುಷಾರಿ’ ಎಂಬ ಒಂದೇ ಮಾತು ಮತ್ತೆ ಮತ್ತೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಗುವಿಗೆ ತಾನು ಸೋತದ್ದು ಗೊತ್ತಿರುತ್ತದೆ. ಅಪ್ಪ ಅಮ್ಮ ಹೊಗಳುತ್ತಿರುವುದು ಸೋಲನ್ನು ಕಾಣದ ಯಾರೋ ಒಬ್ಬನನ್ನು, ನಿಜವಾದ ತನ್ನನ್ನಲ್ಲ ಎಂದು ಅದು ಒಳಗೊಳಗೇ ತೀರ್ಮಾನಿಸುತ್ತದೆ. ಹೊಗಳಿಕೆ ಹೆಚ್ಚಿದಷ್ಟೂ ಸಿಕ್ಕಿಬೀಳುವ ಭಯ ಹೆಚ್ಚು. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಚೆನ್ನಾಗಿ ಓದಿ ದೊಡ್ಡ ಹುದ್ದೆಯಲ್ಲಿದ್ದ ಮಹಿಳೆಯರು ಕೂಡ ‘ನಾನು ಇದಕ್ಕೆ ಯೋಗ್ಯಳಲ್ಲ, ಇವರೆಲ್ಲ ಮೋಸಹೋಗಿದ್ದಾರೆ’ ಎಂದು ಒಳಗೇ ನಡುಗುತ್ತಿರುವುದನ್ನು ಪೌಲೀನ್ ಕ್ಲ್ಯಾನ್ಸ್, ಸೂಝಾನ್ ಐಮ್ಸ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಬರೆದಿಟ್ಟಿದ್ದಾರೆ.

ಹಾಗಾದರೆ ಹೇಳಬೇಕಾದದ್ದು ಏನು? ಇದಕ್ಕೆ ನಮ್ಮ ಕಡಲ ದಡದಲ್ಲೇ ಕೂತು ನೋಡಬೇಕಾದ ಒಂದು ದೃಶ್ಯವಿದೆ. ಹನುಮ ಹುಟ್ಟಿದ್ದು ಗೋಕರ್ಣದಲ್ಲಿ ಎನ್ನುವವರಿದ್ದಾರೆ, ಹಂಪಿಯ ಬಳಿಯ ಅಂಜನಾದ್ರಿಯಲ್ಲಿ ಎನ್ನುವವರಿದ್ದಾರೆ, 2021ರಲ್ಲಿ ತಿರುಪತಿಯವರು ಇಲ್ಲ ನಮ್ಮ ಬೆಟ್ಟದಲ್ಲಿ ಎಂದರು. ಆ ಜಗಳ ಇಲ್ಲಿ ಬೇಡ. ನನಗೆ ಬೇಕಾದದ್ದು ಕಿಷ್ಕಿಂಧಾಕಾಂಡದ ಕೊನೆ. ಸೀತೆ ಲಂಕೆಯಲ್ಲಿದ್ದಾಳೆಂದು ಸಂಪಾತಿಯಿಂದ ತಿಳಿದಿದೆ, ಮುಂದೆ ನೂರು ಯೋಜನ ನೀರು. ಕಪಿಗಳು ಒಬ್ಬೊಬ್ಬರಾಗಿ ತಮ್ಮ ಅಳತೆ ಹೇಳುತ್ತಾರೆ. ಒಬ್ಬ ಹತ್ತು ಯೋಜನ ಎನ್ನುತ್ತಾನೆ, ಇನ್ನೊಬ್ಬ ಇಪ್ಪತ್ತು, ಹೀಗೇ ಏರುತ್ತ ಮುದಿ ಜಾಂಬವ ತೊಂಬತ್ತಕ್ಕೆ ನಿಲ್ಲುತ್ತಾನೆ. ಯುವರಾಜ ಅಂಗದ, ನೂರು ಹಾರಬಲ್ಲೆ, ಮರಳಿ ಬರುವುದು ಅನುಮಾನ ಎನ್ನುತ್ತಾನೆ. ಇಷ್ಟೆಲ್ಲ ಆಗುವಾಗ ಹನುಮ ದೂರದಲ್ಲಿ ಸುಮ್ಮನೆ ಕೂತಿದ್ದಾನೆ. ಚಿಕ್ಕಂದಿನಲ್ಲಿ ಆಶ್ರಮಗಳಲ್ಲಿ ಮಾಡಿದ ಪುಂಡಾಟಕ್ಕೆ ಋಷಿಗಳು ಕೊಟ್ಟ ಶಾಪ, ಯಾರಾದರೂ ನೆನಪಿಸುವವರೆಗೆ ಅವನ ಬಲ ಅವನಿಗೆ ತಿಳಿಯದು.

ಜಾಂಬವ ಅವನ ಬಳಿ ಹೋಗಿ ಬರೀ ‘ನಿನ್ನಿಂದ ಆಗುತ್ತದೆ’ ಎಂದು ಬೆನ್ನು ತಟ್ಟಿ ಬಂದುಬಿಡುವುದಿಲ್ಲ ಎಂಬುದನ್ನು ಗಮನಿಸಬೇಕು. ಅವನು ಕಥೆ ಹೇಳುತ್ತಾನೆ. ನೀನು ಹುಟ್ಟಿದ್ದು ಹೀಗೆ, ಮಗುವಾಗಿದ್ದಾಗ ಸೂರ್ಯನನ್ನು ಹಣ್ಣೆಂದು ತಿಳಿದು ಆಕಾಶಕ್ಕೆ ನೆಗೆದದ್ದು ಹೀಗೆ, ಇಂದ್ರ ವಜ್ರಾಯುಧದಿಂದ ಹೊಡೆದದ್ದು ಹೀಗೆ, ಬಂಡೆಯ ಮೇಲೆ ಬಿದ್ದು ದವಡೆ ಮುರಿದದ್ದು ಹೀಗೆ. ಪೆಟ್ಟು ತಿಂದದ್ದನ್ನೂ ಬಿಡಲಿಲ್ಲ! ನಮ್ಮಂಥವರಾಗಿದ್ದರೆ ಆ ಭಾಗವನ್ನು ನುಂಗಿಕೊಂಡು ಸೂರ್ಯನ ಕಡೆಗೆ ಹಾರಿದ್ದನ್ನಷ್ಟೇ ಹೇಳುತ್ತಿದ್ದೆವು. 2005ರಲ್ಲಿ ಬಂದ ‘ಹನುಮಾನ್’ ಎಂಬ ಹಿಂದಿ ಆ್ಯನಿಮೇಷನ್ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೇವೆ. ಮಕ್ಕಳು ಚಪ್ಪಾಳೆ ತಟ್ಟುವುದು ಸೂರ್ಯನನ್ನು ನುಂಗಲು ಹೊರಟಾಗ. ಜಾಂಬವನ ಮಾತಿನ ಬಲ ಇರುವುದು ಪೂರ್ತಿ ಲೆಕ್ಕ ಒಪ್ಪಿಸಿದ್ದರಲ್ಲಿ. ನೀನು ಮಾಡಬಲ್ಲೆ ಎನ್ನುವುದು ಅಭಿಪ್ರಾಯ, ನೀನು ಮಾಡಿದ್ದೆ ಎನ್ನುವುದು ಸಾಕ್ಷಿ. ಅಭಿಪ್ರಾಯದ ಎದುರು ಆತಂಕ ವಾದಿಸುತ್ತದೆ. ಸಾಕ್ಷಿಯ ಎದುರು ಅದಕ್ಕೆ ಸ್ವಲ್ಪ ಕಷ್ಟ.

ಇದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ. 1977ರಲ್ಲಿ ಬರೆದ ಪ್ರಬಂಧದಲ್ಲಿ, ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಬರುವ ನಾಲ್ಕು ದಾರಿಗಳನ್ನು ಅವರು ಗುರುತಿಸಿದರು. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿ. ತನ್ನಂಥವನೇ ಒಬ್ಬ ಮಾಡುವುದನ್ನು ನೋಡುವುದು ಅದರ ನಂತರದ್ದು. ಬಾಯಿಮಾತಿನ ಪ್ರೋತ್ಸಾಹ ತನ್ನಷ್ಟಕ್ಕೆ ಬಲಹೀನ, ನಿಜ ಅನುಭವ ಎದುರಾದ ಕೂಡಲೇ ಕರಗುತ್ತದೆ. ನಾಲ್ಕನೆಯದು ಮೈಯ ಸ್ಥಿತಿ, ಅಂದರೆ ಎದೆ ಹೊಡೆದುಕೊಳ್ಳುವುದನ್ನು ನಾವು ಏನೆಂದು ಓದಿಕೊಳ್ಳುತ್ತೇವೆ ಎಂಬುದು. ಹಾವೆಂದರೆ ಪ್ರಾಣಬಿಡುವವರನ್ನು ಕರೆತಂದು ಅವರು ಮಾಡಿದ ಪ್ರಯೋಗಗಳು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತವೆ. ಮೊದಲು ಇನ್ನೊಬ್ಬರು ಹಾವು ಹಿಡಿಯುವುದನ್ನು ನೋಡುವುದು, ಆಮೇಲೆ ಕೈಗವಸು ಹಾಕಿ ಮುಟ್ಟುವುದು, ಕೊನೆಗೆ ಬರಿಗೈ. ಹಾವು ಏನೂ ಮಾಡುವುದಿಲ್ಲ ಎಂದು ಹೇಳಿ ಹೇಳಿ ಒಪ್ಪಿಸುವುದಕ್ಕಿಂತ ಈ ಮೆಟ್ಟಿಲು ದಾರಿ ಚೆನ್ನಾಗಿ ಕೆಲಸ ಮಾಡಿತು.

ಆ ಮೆಟ್ಟಿಲುಗಳನ್ನು ನಮ್ಮ ಬಡಗುತಿಟ್ಟಿನ ಯಕ್ಷಗಾನ ಮೇಳಗಳು ಯಾವ ಪ್ರಬಂಧವನ್ನೂ ಓದದೆ ಕಟ್ಟಿಟ್ಟಿದ್ದವು. ಬೆಳಗಿನವರೆಗೆ ನಡೆಯುವ ಆಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಕೋಡಂಗಿ ವೇಷ. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಚಾಪೆ ಹಾಸುತ್ತಿರುತ್ತಾರೆ, ಶೇಂಗಾ ಕೊಳ್ಳುತ್ತಿರುತ್ತಾರೆ, ನೆಂಟರನ್ನು ಮಾತಾಡಿಸುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ನೋಡುವವರೇ ಇಲ್ಲ. ನೋಡಿದವನು ಭಾಗವತ, ಅವನು ಚೌಕಿಗೆ ಬಂದ ಮೇಲೆ ಬೈಯುತ್ತಾನೆ, ಅಷ್ಟೇ. ಕೋಡಂಗಿಯಿಂದ ಬಾಲಗೋಪಾಲ, ಆಮೇಲೆ ಪೂರ್ವರಂಗದ ಸ್ತ್ರೀವೇಷ, ಸಣ್ಣಪುಟ್ಟ ಪಾತ್ರ, ಪುಂಡುವೇಷ. ಎಲ್ಲ ದಾಟಿ ಎರಡನೇ ವೇಷಕ್ಕೆ ಬರುವ ಹೊತ್ತಿಗೆ ಅವನು ರಂಗದ ಮೇಲೆ ಸಾವಿರ ಸಲ ತಪ್ಪಿರುತ್ತಾನೆ, ತಪ್ಪಿಯೂ ಬದುಕಿರುತ್ತಾನೆ. ಸಭಾಕಂಪ ಹೋಗಿಬಿಡುತ್ತದೆ ಎಂದಲ್ಲ. ಕಂಪ ಇದ್ದೂ ಕುಣಿಯಬಹುದು ಎಂಬುದಕ್ಕೆ ಕಾಲಿನಲ್ಲೇ ಸಾಕ್ಷಿ ಸಿಕ್ಕಿರುತ್ತದೆ.

ಈಗ ಕಾಲಮಿತಿ ಆಟಗಳು. ಸಂಜೆ ಶುರುವಾಗಿ ಮಧ್ಯರಾತ್ರಿಯೊಳಗೆ ಮುಗಿಯಬೇಕು, ನಾಳೆ ಎಲ್ಲರಿಗೂ ಕೆಲಸವಿದೆ. ನಾನೂ ಅದನ್ನೇ ಬಯಸುವವನು, ದೂರಲಾರೆ. ಆದರೆ ಸಮಯ ಉಳಿಸಲು ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ, ಅಂದರೆ ಹುಡುಗರು ಯಾರ ಕಣ್ಣಿಗೂ ಬೀಳದೆ ತಪ್ಪುತ್ತಿದ್ದ ಜಾಗಕ್ಕೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ರಂಗಶಿಕ್ಷಣ ಕೇಂದ್ರ ಕಟ್ಟಿದ್ದನ್ನು ನಾನು ಈ ದೃಷ್ಟಿಯಿಂದಲೂ ನೋಡುತ್ತೇನೆ. ಮೇಳದ ರಾತ್ರಿಗಳು ತಾವಾಗಿ ಕಲಿಸುತ್ತಿದ್ದುದನ್ನು ಇನ್ನು ಯಾರಾದರೂ ಕೂತು ಕಲಿಸಲೇಬೇಕಿತ್ತು. ಶಾಲೆಗಳ ಕಥೆಯೂ ಬೇರೆಯಲ್ಲ. ವಾರ್ಷಿಕೋತ್ಸವದ ವೇದಿಕೆಗೆ ಗೆಲ್ಲುವ ನಾಲ್ಕು ಮಕ್ಕಳನ್ನೇ ಮತ್ತೆ ಮತ್ತೆ ಹತ್ತಿಸುತ್ತೇವೆ, ಮೊಬೈಲು ಎತ್ತಿ ಹಿಡಿಯುತ್ತೇವೆ. ಉಳಿದವರು ಮೊದಲ ಸಲ ನಾಲ್ಕು ಜನರೆದುರು ಬಾಯಿ ತೆರೆಯುವುದು ಕೆಲಸದ ಸಂದರ್ಶನದಲ್ಲಿ. ಒಮ್ಮೆಯೂ ಕೋಡಂಗಿ ಆಗದವನನ್ನು ನೇರ ಎರಡನೇ ವೇಷಕ್ಕೆ ತಳ್ಳಿ, ಯಾಕೆ ನಡುಗುತ್ತೀಯ ಎಂದು ಕೇಳುವುದು ಯಾವ ನ್ಯಾಯ?

ಆತಂಕವನ್ನು ಬೇರುಸಮೇತ ಕಿತ್ತುಹಾಕಬೇಕು ಎನ್ನುವ ವ್ಯಕ್ತಿತ್ವ ವಿಕಸನದವರ ಮಾತಿಗೂ ನನ್ನ ತಕರಾರಿದೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬಿ ಎಷ್ಟು ದೋಣಿಗಳು ಮಗುಚಿವೆ ಎಂಬುದು ಕಾಸರಕೋಡಿನವರಿಗೆ ಹೇಳಬೇಕಿಲ್ಲ. ಒಳ್ಳೆಯ ತಾಂಡೇಲ ಅಳಿವೆಯ ಬಾಯಿಗೆ ಬಂದು ಎಂಜಿನ್ ತಗ್ಗಿಸುತ್ತಾನೆ. ತೆರೆ ಎಲ್ಲಿ ಒಡೆಯುತ್ತಿದೆ, ನೀರಿನ ಬಣ್ಣ ಎಲ್ಲಿ ಬದಲಾಗಿದೆ, ಭರತವೋ ಇಳಿತವೋ ನೋಡುತ್ತಾನೆ. ಅನುಮಾನವಿಲ್ಲದ ತಾಂಡೇಲನ ದೋಣಿಗೆ ಹೆಂಡತಿ ಮಕ್ಕಳಿರುವವರು ಹತ್ತುವುದಿಲ್ಲ. ಹಾಗೆಂದು ಅವನು ಅಲ್ಲೇ ಲಂಗರು ಹಾಕಿ ಕೂರುವುದೂ ಇಲ್ಲ.

ಸಿನಿಮಾ ಕೂಡ ಆತಂಕವನ್ನು ಓಡಿಸುವುದಿಲ್ಲ. ಆಟದ ನಡುವೆ ತಪ್ಪು ಮಾಡಿ ಪೆನಾಲ್ಟಿ ಅಂಕಣದಲ್ಲಿ ಕೂತ ರೈಲಿಗೆ ಉಸಿರು ಕಟ್ಟುತ್ತದೆ, ಎದೆ ಒಡೆದುಹೋಗುವಂತೆ ಬಡಿದುಕೊಳ್ಳುತ್ತದೆ. ಒಳಗೆ ಆತಂಕ ಸುಂಟರಗಾಳಿಯಾಗಿ ತಿರುಗುತ್ತಿದ್ದಾಳೆ, ನಡುವೆ ಅವಳೇ ಕಣ್ಣೀರು ತುಂಬಿಕೊಂಡು ಕಲ್ಲಾಗಿ ನಿಂತಿದ್ದಾಳೆ. ಖುಷಿ ಹಳೆಯ ‘ನಾನು ಒಳ್ಳೆಯವಳು’ ರೂಪವನ್ನು ತಂದು ನೆಡುತ್ತಾಳೆ. ಅದರಿಂದ ಏನೂ ಆಗುವುದಿಲ್ಲ. ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಪ್ರಾಮಾಣಿಕವೆನಿಸಿದ ಜಾಗ ಇದು. ಕೊನೆಗೆ ಖುಷಿ ತನ್ನ ಕೈಯಾರೆ ಅದನ್ನು ಕಿತ್ತು ಬದಿಗಿಟ್ಟಾಗ, ಹಿತ್ತಲಿನಿಂದ ಮರಳಿ ಬಂದ ಕೆಟ್ಟ ನೆನಪುಗಳೂ ಸೇರಿ ತಾನಾಗಿ ಒಂದು ಹೊಸ ರೂಪ ಏಳುತ್ತದೆ. ಅದು ಒಂದು ಸಲ ನಾನು ಸ್ವಾರ್ಥಿ ಎನ್ನುತ್ತದೆ, ಇನ್ನೊಂದು ಸಲ ನಾನು ಕರುಣೆಯವಳು. ಧೈರ್ಯವಂತೆ ಎಂದ ಬಾಯಲ್ಲೇ ಹೆದರಿಕೆಯಾಗುತ್ತದೆ ಎನ್ನುತ್ತದೆ. ಆಮೇಲೆ ಆತಂಕಕ್ಕೆ ಒಂದು ಮೆತ್ತನೆಯ ಕುರ್ಚಿ, ಕೈಗೊಂದು ಕಪ್ಪು ಚಹಾ. ನಮ್ಮ ಕೈಯಲ್ಲಿಲ್ಲದ್ದನ್ನು ಬಿಡು, ನಾಳೆಯ ಸ್ಪ್ಯಾನಿಷ್ ಪರೀಕ್ಷೆ ನೋಡು ಎಂದರೆ ಅವಳು ಅತ್ತ ತಿರುಗುತ್ತಾಳೆ. ಈ ಚಿತ್ರಕ್ಕೆ ಹದಿಹರೆಯದವರ ಮನಸ್ಸು ಬಲ್ಲ ಲೀಸಾ ಡಮೋರ್‌ರಂಥ ಮನಶ್ಶಾಸ್ತ್ರಜ್ಞೆ ಸಲಹೆ ಕೊಟ್ಟಿದ್ದಾರೆ, ಅದು ಇಂಥಲ್ಲಿ ಕಾಣುತ್ತದೆ.

ಭಟ್ಕಳದ ಹುಡುಗನಿಗೆ ನಾನು ಬರೆದ ಉತ್ತರ ಚಿಕ್ಕದು. ಕಳೆದ ವಾರ ನಾಲ್ಕು ಭಾಷೆಯಲ್ಲಿ ಯಾರ ಬಳಿ ಏನು ಮಾತಾಡಿ ಏನು ಕೆಲಸ ಮಾಡಿಸಿಕೊಂಡೆ ಎಂದು ಪಟ್ಟಿ ಮಾಡು, ತೊದಲಿದ್ದನ್ನೂ ಬರೆ. ಆಮೇಲೆ ಸೋತರೂ ನಷ್ಟವಿಲ್ಲದ ಕಡೆ ಇಂಗ್ಲಿಷಿನಲ್ಲಿ ಮಾತಾಡಿ ನೋಡು, ಗೆಳೆಯನನ್ನೇ ಸಂದರ್ಶನಕ್ಕೆ ಕೂರಿಸು. ತಾಯಂದಿರಿಗೂ ಮೇಷ್ಟ್ರಿಗೂ ನನ್ನ ಉತ್ತರ ಇದಕ್ಕಿಂತ ಬೇರೆಯಲ್ಲ: ಮಗು ಮಾಡಿದ್ದನ್ನು ಹೆಸರಿಟ್ಟು ಹೇಳಿ, ಹುಷಾರಿ ಎಂದು ಹೊಗಳಬೇಡಿ, ಬಿದ್ದದ್ದನ್ನು ಮುಚ್ಚಿಡಬೇಡಿ. ಇದೆಲ್ಲ ನಾಟದ ಹಂತವೂ ಒಂದಿದೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕುವುದೇ ಬೇಡ ಎಂಬ ಮಾತು ಬರುತ್ತದೆ ಎಂದರೆ ಅಲ್ಲಿ ಜಾಂಬವನಿಗಿಂತ ವೈದ್ಯರು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ರೈಲಿ ತಂಡಕ್ಕೆ ಆಯ್ಕೆಯಾದಳೇ ಎಂಬುದನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಫಲಿತಾಂಶ ನೋಡಲು ಫೋನು ತೆರೆಯುತ್ತಾಳೆ, ಕನ್ನಡಿಯಲ್ಲಿ ತನ್ನನ್ನು ನೋಡಿ ನಗುತ್ತಾಳೆ, ಅಲ್ಲಿಗೆ ಮುಗಿಯಿತು. ಅಕ್ಕನಿಗೆ ಇದು ಸರಿಬರಲಿಲ್ಲ, ‘ಪಾಸೋ ಫೇಲೋ ಹೇಳದೆ ಇದೆಂಥ ಸಿನಿಮಾ’ ಎಂದಳು. ರಾಮಾಯಣ ಆ ವಿಷಯದಲ್ಲಿ ಅಕ್ಕನ ಕಡೆಗೆ. ಮರಳುವುದು ಅನುಮಾನ ಎಂದ ಅಂಗದನನ್ನು ಜಾಂಬವ ಹೀಯಾಳಿಸಲಿಲ್ಲ, ನೀನು ನಮ್ಮ ಒಡೆಯ, ಕಳಿಸುವವನು, ಹೋಗತಕ್ಕವನಲ್ಲ ಎಂದ. ಮುಂದೆ ಲಂಕೆಯ ಹೊರಗೆ ಸೇನೆ ಬೀಡುಬಿಟ್ಟಾಗ ರಾವಣನ ಸಭೆಗೆ ಒಬ್ಬನೇ ಹೋಗಿ ರಾಮನ ಮಾತು ಹೇಳಿ ಮರಳಿ ಬಂದವನು ಅದೇ ಅಂಗದ. ‘ಅಂಗದ ಸಂಧಾನ’ ತಾಳಮದ್ದಲೆಯಲ್ಲಿ ಎಷ್ಟೋ ಒಳ್ಳೆಯ ಅರ್ಥಧಾರಿಗಳು ಅವನ ಬಾಯಿಂದ ಬೆಂಕಿ ಉಗುಳಿಸಿದ್ದನ್ನು ಕೇಳಿದ್ದೇನೆ. ರಾವಣನ ಅರ್ಥ ಹೇಳುವವರು ಯಾರಾದರೂ ಮಧ್ಯೆ ತಡೆದು, ‘ಕಡಲ ದಡದಲ್ಲಿ ಮರಳುವುದು ಅನುಮಾನ ಎಂದು ತಡವರಿಸಿದವ ನೀನೇ ಅಲ್ಲವೇನೋ?’ ಎಂದು ಕೇಳಲಿ ಎಂದು ಕಾಯುತ್ತಿದ್ದೇನೆ. ಹೌದು ಎನ್ನದೆ ಅಂಗದನಿಗೆ ಗತಿಯಿಲ್ಲ. ಹೌದು ಎಂದ ಮೇಲೆ ಅವನು ಏನು ಹೇಳುತ್ತಾನೆಂದು ಕೇಳಲು ಬೆಳಗಿನವರೆಗೆ ಬೇಕಾದರೂ ಕೂರುತ್ತೇನೆ, ಕಾಲಮಿತಿ ಮೀರಿದರೂ ಸರಿ.